ಬೇರಿನ ಊಟ

೫ ಡಿಸೆಂಬರ್ ೧೯೯೪, ಸೋಮವಾರ

ಔಷಧಿ ಅಂಗಡಿಯವರು ಜನವರಿಯಲ್ಲಿ ನಮ್ಮ ಯಜಮಾನರಿಗೆ ಕೊಟ್ಟ ಡೈರಿ ಇದು. ಇವರು ಒಂದು ಅಕ್ಷರವನ್ನೂ ಬರೆಯಲಿಲ್ಲ. ಡಿಸೆಂಬರ್ ಹಾಳೆಗಳು ಮುಗಿದರೆ ಹಿಂದಕ್ಕೆ ಹೋಗಿ ಖಾಲಿ ಉಳಿದ ಜನವರಿಯಲ್ಲಿ ಬರೆದರಾಯಿತು. ನನಗೆ ಬರುವುದು ಕಾಗವಾಡದ ಶಾಲೆಯಲ್ಲಿ ಏಳನೆಯ ತನಕ ಕಲಿತ ಕನ್ನಡ. ಮಾಲಗಾಂವದ ಈ ಮನೆಯಲ್ಲಿ ಮಾತು ಕನ್ನಡ, ಓದು ಬರಹವೆಲ್ಲ ಮರಾಠಿ.

ಬೆಳಿಗ್ಗೆ ಎದ್ದ ಕೂಡಲೇ ಕೈ ತಾನಾಗಿಯೇ ಬಿಸಿನೀರಿನ ಪಾತ್ರೆಗೆ ಹೋಗುತ್ತದೆ. ಐದು ತಿಂಗಳು ಇವರ ಬಲಗಾಲಿನ ಗಾಯ ಒರೆಸುವುದೇ ನನ್ನ ದಿನದ ಮೊದಲ ಕೆಲಸವಾಗಿತ್ತು. ಸಕ್ಕರೆ ಕಾಯಿಲೆಯ ಗಾಯ. ಮಿರಜದ ದವಾಖಾನೆಯ ಸಿಸ್ಟರ್ ಕಲಿಸಿದ್ದರು: ನೀರು ಕುದಿಸಿ ಆರಿಸಬೇಕು, ಮೆತ್ತನೆಯ ಬಟ್ಟೆ ಹಿಂಡಬೇಕು, ಅಂಚಿನಿಂದ ಒರೆಸಬೇಕು. ಆಗಸ್ಟ್ ಕೊನೆಯಲ್ಲಿ ಇವರು ಹೋದರು. ಕೈಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ನೀರು ಕಾಯಿಸುತ್ತೇನೆ, ಚೆಲ್ಲುತ್ತೇನೆ. ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಪಡಸಾಲೆಗೆ ತಿರುಗುತ್ತೇನೆ. ಒಂದೇ ಹೊತ್ತು ಉಣ್ಣುವ ವ್ರತ ಹಿಡಿದಿದ್ದೇನೆ. ಅದೂ ಭಾರವೆನಿಸುತ್ತದೆ.

ಇವತ್ತು ಮೈದುನ ಪಾರಿಸ ಸಾಂಗ್ಲಿಯಿಂದ ಬಂದಿದ್ದ. ಮರಾಠಿ ರೂಢಿಯಂತೆ ನಾನು ಅವನಿಗೆ ಭಾವಜಿ ಅನ್ನುತ್ತೇನೆ, ಅವನು ನನಗೆ ವೈನಿ ಅನ್ನುತ್ತಾನೆ. ಅಲ್ಲಿ ಅವನದು ಅರಿಷಿಣದ ವ್ಯಾಪಾರ. ದ್ರಾಕ್ಷಿ ತೋಟ ಅಣ್ಣ ತಮ್ಮ ಇಬ್ಬರ ಹೆಸರಿನಲ್ಲಿದೆ. ಅವನು ಮತ್ತು ನನ್ನ ಮಗ ಅಭಿಜಿತ ಹೊರಗೆ ಕುಳಿತು ಮಾತಾಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಮಿರಜ ಇತ್ತಾಗ ಬೆಳ್ಯಾಕತ್ತೈತಿ. ರಸ್ತಾಕ್ಕ ಹತ್ತಿದ ಜಮೀನ ಯಾರೂ ದ್ರಾಕ್ಷಿ ಬಾಗ ಅಂತ ಇಟಗೊಂಡಿಲ್ಲ, ಎಲ್ಲಾ ಪ್ಲಾಟ ಹಾಕ್ಯಾರ," ಅಂದ ಪಾರಿಸ. "ಮಹಾವೀರಣ್ಣ ಇದ್ದಾಗ ಮಾತ ಬ್ಯಾರೆ ಇತ್ತು. ನೀ ಇನ್ನ ಸಣ್ಣಾಂವ."

"ಕಾಕಾ, ಒಂದ ವರ್ಷ ನನಗ ಕೊಡ್ರಿ."

"ಕೊಟ್ಟೆ. ಏಪ್ರಿಲ್ ಛಾಟಣಿ ಮಾಡು, ಬಳ್ಳಿ ಕತ್ತರಿಸಿ ನೋಡು. ಬಾಗ ಚಿಗತ್ರ ಬಾಗ, ಇಲ್ಲಂದ್ರ ಪ್ಲಾಟ. ಏನಂತೀರಿ ವೈನಿ?"

ನಾನು ಬಾಗಿಲ ಹಿಂದಿನಿಂದ ಒಳಮನೆಗೆ ಸರಿದೆ. ಆ ಬಳ್ಳಿಗಳನ್ನು ಇವರು ಒಂದೊಂದಾಗಿ ನೆಟ್ಟು ಚಪ್ಪರಕ್ಕೆ ಏರಿಸಿದ್ದು. ಕಿತ್ತು ಕಲ್ಲು ನೆಟ್ಟರೆ ಇವರು ಎರಡನೆಯ ಸಲ ಹೋದ ಹಾಗೆ.

೧೨ ಡಿಸೆಂಬರ್, ಸೋಮವಾರ

ಇವರು ಹೋದ ಮೇಲೆ ಇವತ್ತು ಮೊದಲ ಸಲ ತೋಟಕ್ಕೆ ಹೋದೆ. ಆಳುಗಳಿಗೆ ಚಹಾ ಒಯ್ಯಲು ಯಾರೂ ಇರಲಿಲ್ಲ.

ಅಭಿಜಿತ ಬಳ್ಳಿಗಳಿಗೆ ರಿಂಗ್ ಹಾಕುತ್ತಿದ್ದ. ಎರಡು ಅಲಗಿನ ಚಾಕುವನ್ನು ಕಾಂಡದ ಸುತ್ತ ತಿರುಗಿಸುತ್ತಾನೆ. ಗೋಧಿ ಕಾಳಿನಷ್ಟು ಅಗಲದ ತೊಗಟೆ ಬಳೆಯಂತೆ ಸುಲಿದು ಬರುತ್ತದೆ. ಒಳಗೆ ಬಿಳಿ ಕಟ್ಟಿಗೆ, ಒದ್ದೆ, ಹೊಳಪು. ನನಗೆ ನೋಡಲಾಗಲಿಲ್ಲ.

"ಇದೇನೋ, ಸಿಪ್ಪಿ ಸುಲದ್ರ ಬಳ್ಳಿ ಒಣಗೂದಿಲ್ಲೇನು?"

"ಒಣಗೂದಿಲ್ಲವ್ವಾ. ಬೇರಿನ ನೀರ ಏರೂದು ಒಳಗಿನ ಕಟಗ್ಯಾಗಿಂದ. ಅದಕ್ಕ ನಾ ಕೈ ಹಚ್ಚಿಲ್ಲ. ಎಲಿ ಮಾಡಿದ ಊಟ ಕೆಳಗ ಇಳಿಯೂದು ಸಿಪ್ಪ್ಯಾಗಿಂದ. ಈ ದಾರಿ ಕಡದ್ರ ಊಟ ಮ್ಯಾಲ ನಿಂದರತೈತಿ, ಎಲ್ಲಾ ಕಾಯಿಗೆ ಹೋಗತೈತಿ. ಪರದೇಶಕ್ಕ ಕಳಸೂ ಮಾಲು ದಪ್ಪ ಬೇಕಲ್ಲ."

"ಹಂಗಾರ ಬೇರ ಏನ ತಿನ್ನಬೇಕು?"

"ಮೂರು ನಾಕ ವಾರ ಉಪಾಸ. ಆಮ್ಯಾಲ ಗಾಯ ತಾನ ಕೂಡತೈತಿ."

"ಯಾರ್ನ ಕೇಳಿ ಅವಕ್ಕ ಉಪಾಸ ಕೆಡವಿದಿ?"

ಅವನು ಚಾಕು ಒರೆಸುತ್ತ ನನ್ನ ಮುಖ ನೋಡಿದ. "ನೀ ಯಾರ್ನ ಕೇಳಿ ಹಿಡದಿ?"

ಚಹಾ ಲೋಟ ಎತ್ತಿಕೊಂಡು ಬಂದುಬಿಟ್ಟೆ.

೧೪ ಡಿಸೆಂಬರ್

ರಿಂಗಿನ ಮೇಲಂಚಿನಲ್ಲಿ ಸಿಹಿ ರಸ ಜಿನುಗುತ್ತಿದೆ. ಇರುವೆ ಮುತ್ತಿವೆ. ಅಭಿಜಿತ ಪುಡಿಯ ಡಬ್ಬಿ ತೆಗೆದಿದ್ದ. ಇವರು ಇರುವೆ ಪುಡಿಯನ್ನು ತೋಟದೊಳಗೆ ಬಿಟ್ಟುಕೊಂಡವರೇ ಅಲ್ಲ. ಬಳ್ಳಿಗೆ ರೋಗದ ಔಷಧಿ ಹೊಡೆಯುವ ದಿನವೂ ಬಸದಿಗೆ ಹೋಗಿ ಕೈ ಮುಗಿದು ಬರುತ್ತಿದ್ದರು. ಕಣ್ಣಿಗೆ ಕಾಣುವ ಜೀವಕ್ಕೆ ಪುಡಿ ಹಾಕಿ ಸಾಯಿಸಬೇಕೆ?

"ಹಾಕಬ್ಯಾಡ. ರಸಾ ಒರಿಸಿದ್ರ ಇರಿವಿ ಬರೂದಿಲ್ಲ. ನಾ ಒರಸ್ತೇನಿ," ಅಂದೆ.

"ಹದಿನಾಕ ಸಾಲ ಒರಸ್ತಿ?"

"ಬಾವಿ ಕಡೆ ಆರು ಸಾಲ ನನಗ. ಉಳದದ್ದು ನಿನ್ನ ಪುಣ್ಯಾ."

ಕುದಿಸಿ ಆರಿಸಿದ ನೀರು, ಇವರ ಹಳೆಯ ಧೋತರದ ತುಂಡು. ಅಂಚಿನಿಂದ ಒರೆಸಿದೆ, ಆಮೇಲೆ ನಡುವಿನ ಲೋಳೆ ತೆಗೆದೆ. ಮೊದಲ ಸಾಲು ಮುಗಿಯುವ ಹೊತ್ತಿಗೆ ಉಸಿರು ಸಮವಾಗಿತ್ತು. ಎಷ್ಟೋ ದಿನದ ಮೇಲೆ ಕೈ ಸುಮ್ಮನಾದವು.

೧೭ ಡಿಸೆಂಬರ್

ಚತುರ್ದಶಿ. ನಮ್ಮ ಜೈನರಲ್ಲಿ ಈ ದಿನ ಹಸಿರು ಕೊಯ್ಯುವ ಹಾಗಿಲ್ಲ ಎಂದು ತೋಟದ ಕೆಲಸ ನಿಲ್ಲಿಸಿದ್ದರು. ಒರೆಸುವುದಕ್ಕೆ ಅಡ್ಡಿ ಇಲ್ಲ. ಹೋಗಿ ಬಂದೆ. ಹೋಗದಿದ್ದರೆ ಮಧ್ಯಾಹ್ನದ ತನಕ ಮನೆಯೊಳಗೆ ಸುತ್ತುತ್ತಲೇ ಇರುತ್ತಿದ್ದೆ.

೨೪ ಡಿಸೆಂಬರ್

ಒರೆಸಿದೆ. ಗಾಯ ಸ್ವಚ್ಛವಾಗಿವೆ. ಒಂದು ಇರುವೆಯೂ ಇಲ್ಲ.

೨ ಜನವರಿ ೧೯೯೫, ಸೋಮವಾರ

ಹೊಸ ವರ್ಷ, ಹಳೆಯ ಹಾಳೆ. ಮೇಲೆ ೧೯೯೪ ಎಂದು ಅಚ್ಚಾಗಿದೆ. ಅದರ ಮೇಲೆ ಗೀಟು ಎಳೆದು ಬರೆಯುತ್ತಿದ್ದೇನೆ.

ತಂಗೆವ್ವ ತೋಟದಲ್ಲಿ ಬುಡ ಕೆದಕುವ ಕೆಲಸಕ್ಕೆ ಬರುತ್ತಾಳೆ. ಅಥಣಿ ಕಡೆಯವಳು, ಗಂಡ ಮಿರಜ ಸ್ಟೇಶನ್ನಿನಲ್ಲಿ ಮಾಲು ಹೊರುತ್ತಾನೆ. ನಾನು ಒರೆಸುವುದನ್ನು ನೋಡಿ ಅವಳಿಗೆ ನಗು ತಡೆಯುವುದಿಲ್ಲ.

"ಅಕ್ಕಾರ, ನಾಳಿಗೆ ಎಣ್ಣಿ ಹಚ್ಚಿ ಎರಿತೀರೇನ್ರಿ ಮತ್ತ? ಲೋಬಾನ ತರಲೇನು?"

"ಬಾಯಿ ಮುಚಗೊಂಡು ಕೆಲಸ ಮಾಡ."

"ನಮ್ಮ ಹಡದವ್ವನೂ ನಮ್ಮ ಮೂಗ ಹಿಂಗ ಒರಸಿಲ್ಲ ತಗೋರಿ. ಅದಕ್ಕ ಹಿಂಗ ಆಗೇವಿ."

ನಗು ಬಂತು. ಮುಖ ಬಳ್ಳಿಯ ಕಡೆ ತಿರುಗಿಸಿಕೊಂಡೆ. ಇವಳು ನೋಡಿದಳೋ ಏನೋ.

೧೯ ಜನವರಿ

ಕಾಯಿಗೆ ಬಣ್ಣ ತಿರುಗುತ್ತಿದೆ. ಬಾವಿ ಕಡೆಯ ಸಾಲುಗಳ ಕಾಯಿ ಉಳಿದ ಸಾಲುಗಳಿಗಿಂತ ದಪ್ಪ. ಅಭಿಜಿತ ಎರಡೂ ಕಡೆಯಿಂದ ಒಂದೊಂದು ಗೊನೆ ತಂದು ಅಂಗೈಯಲ್ಲಿ ಇಟ್ಟು ತೋರಿಸಿದ. ನಾನು ಎಲೆ ನೋಡಿದೆ. ನಮ್ಮ ಸಾಲಿನ ಎಲೆ ಸ್ವಲ್ಪ ದಪ್ಪ, ಅಂಚು ಕೆಳಗೆ ಮಡಿಚಿಕೊಂಡಿದೆ, ಕೆಂಪು ಬಂದಿದೆ. ಚಳಿಗೆ ಇರಬೇಕು ಅಂದ.

ದಿನಾ ಹೋಗುತ್ತಿದ್ದೇನೆ. ರಸ ಜಿನುಗುವುದು ನಿಂತಿದೆ, ಆದರೂ ಹೋಗುತ್ತೇನೆ. ಒಂದು ದಿನ ತಪ್ಪಿಸಿದರೆ ಏನೋ ಆಗಿಬಿಡುತ್ತದೆ ಅನ್ನಿಸುತ್ತದೆ.

೧೧ ಫೆಬ್ರುವರಿ, ಶನಿವಾರ

ಕೊಯ್ಲು. ಮುಂಬೈ ವ್ಯಾಪಾರಿ ಬಂದ. ಬಾವಿ ಕಡೆಯ ಸಾಲಿನಲ್ಲಿ ನಿಂತು ಒಂದು ಕಾಯಿ ಬಾಯಿಗೆ ಹಾಕಿಕೊಂಡ, ಇನ್ನೊಂದು ಹಾಕಿಕೊಂಡ, ಆಮೇಲೆ ಪೆಟ್ಟಿಗೆಗಳನ್ನು ಬೇರೆ ಇಡಿರಿ ಅಂದ. ಇದು ಹಡಗು ಹತ್ತುವ ಮಾಲಂತೆ.

ಪಾರಿಸ ಎಲ್ಲರೆದುರು ಜೋರಾಗಿ, "ಇದು ನಮ್ಮ ವೈನಿ ಕೈಗುಣ!" ಅಂದ. ಬಿಸಿಲಿಗೆ ಸೆರಗು ಎಳೆದುಕೊಂಡೆ. ಒಳಗೊಳಗೆ ಹಿಗ್ಗಿದೆ ಎಂದು ಇಲ್ಲಿ ಬರೆಯಲು ಏನು ನಾಚಿಕೆ? ಇವರ ಕಾಲು ಉಳಿಸಲಾಗಲಿಲ್ಲ. ಇದಾದರೂ ಆಯಿತಲ್ಲ.

ತಂಗೆವ್ವ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಇಟ್ಟಳು. ಹೆಂಗಸರೆಲ್ಲ ಚಪ್ಪರದ ಕೆಳಗೆ ಕುಳಿತೆವು. ಇನ್ನೂ ಹೊತ್ತಿದೆ, ಮನೆಗೆ ಹೋಗಿ ಉಣ್ಣುತ್ತೇನೆ ಅನ್ನುವಷ್ಟರಲ್ಲಿ ಅವಳು ಕೈಗೆ ಹಾಕಿಯೇಬಿಟ್ಟಳು. ಖಾರ ಹೆಚ್ಚಿತ್ತು.

೨೬ ಫೆಬ್ರುವರಿ, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಪಾರಿಸ ಮತ್ತು ಅಭಿಜಿತ ತೋಟದಲ್ಲಿ ಜಗಳವಾಡುತ್ತಿರುವ ಸದ್ದು ಕೇಳಿ ಓಡಿದೆ. ಪಾರಿಸ ಬಾವಿ ಕಡೆಯ ಬಳ್ಳಿಯೊಂದರ ಮುಂದೆ ನಿಂತಿದ್ದ.

"ನೋಡ್ರಿ ವೈನಿ ನಿಮ್ಮ ಮಗನ ಕರಾಮತಿ! ಚಾಕೂದ ಅಲಗ ಅಗಲ ಮಾಡ್ಯಾನ. ಎರಡೂವರಿ ತಿಂಗಳಾತು, ಒಂದರ ಗಾಯ ಕೂಡಿಲ್ಲ. ದಪ್ಪ ಕಾಯಿ ಆಸೇಕ್ಕ ಬಳ್ಳಿ ಕುತಗಿ ಕೊಯ್ದಾನ."

"ಕಾಕಾ, ಹದಿನಾಕೂ ಸಾಲಿಗೆ ಒಂದ ಚಾಕು ಹಿಡದೇನಿ."

"ಹಂಗಾರ ಅಲ್ಲಿ ಕೂಡಿ ಇಲ್ಲ್ಯಾಕ ಕೂಡಿಲ್ಲ?"

ನಾನು ಆಚೆ ಸಾಲಿಗೆ ಹೋಗಿ ನೋಡಿದೆ. ಅಲ್ಲಿ ರಿಂಗಿನ ಮೇಲಿನ ತುಟಿ, ಕೆಳಗಿನ ತುಟಿ ಉಬ್ಬಿ ಕೂಡಿಕೊಂಡಿವೆ. ಕೂಡಿದ ಗೆರೆ ಹಸಿಯಾಗಿ, ಒರಟಾಗಿದೆ, ಮಾಯ್ದ ಗಾಯದ ಹಾಗೆ. ನಮ್ಮ ಸಾಲುಗಳಲ್ಲಿ ನಡುವೆ ಬೋಳು ಕಟ್ಟಿಗೆ, ಒಣಗಿ ಕಂದಾಗಿದೆ. ನುಣ್ಣಗಿದೆ. ಧೋತರದ ತುಂಡು ತಿಕ್ಕಿದ ನುಣುಪು.

ಅಲ್ಲಿಯೇ ನಿಂತು ಗೊತ್ತಾಯಿತು. ಆ ಲೋಳೆ. ನಾನು ಹೊಲಸೆಂದು ದಿನಾ ತೆಗೆದದ್ದೇ ಹೊಸ ಸಿಪ್ಪೆಯಾಗಬೇಕಾಗಿದ್ದ ಹಸಿ.

"ಭಾವಜಿ, ಅಭಿಜಿತನ್ನ ಅನಬ್ಯಾಡ್ರಿ. ನಾ ಒರಿಸೇನಿ. ದಿನಾ ಒರಿಸೇನಿ. ನಾನ ಕೂಡಗೊಟ್ಟಿಲ್ಲ."

ಪಾರಿಸ ನನ್ನ ಕಡೆ ತಿರುಗಿದ. "ಎರಡೂವರಿ ತಿಂಗಳ... ದಿನಾ?"

"ದಿನಾ."

ಅಭಿಜಿತ ನೆಲಕ್ಕೆ ಕುಳಿತ. ಬೈಯುತ್ತಾನೆ ಎಂದುಕೊಂಡೆ. ಅವನು ಅನ್ನುತ್ತಾನೆ, "ನಾ ದಿನಾ ನೋಡೇನಲ್ಲವ್ವಾ. ನೋಡೇ ಬಿಟ್ಟೇನಿ. ನೀ ಮನಿ ಬಿಟ್ಟ ಹೊರಗ ಬಂದಿ ಅಂತ ಸುಮ್ನಿದ್ದೆ."

ಪಾರಿಸ ಕಾರಿನ ಕಡೆ ನಡೆದ. ಅರ್ಧ ತೋಟ ಹೋಯಿತೆಂದೇ ಲೆಕ್ಕ ಅಂದ. ಏಪ್ರಿಲ್‌ನಲ್ಲಿ ಎಲೆ ತೆಗೆದರೆ ಮತ್ತೆ ಚಿಗುರಲು ಬೇರಿನಲ್ಲಿ ಕೂಡಿಟ್ಟ ಊಟ ಬೇಕು. ಡಿಸೆಂಬರ್‌ನಿಂದ ಬೇರಿಗೆ ಒಂದು ತುತ್ತೂ ಇಳಿದಿಲ್ಲ. ಮೇಲೆ ಹಸಿರಿದೆ, ನೀರು ಏರುತ್ತಿದೆ, ಯಾರೂ ಸತ್ತಿದೆ ಅನ್ನುವುದಿಲ್ಲ. ಕೆಳಗೆ ಸಾಯುತ್ತಿದೆ.

೨೭ ಫೆಬ್ರುವರಿ

ಏನೂ ಇಲ್ಲ.

೧ ಮಾರ್ಚ್

ಪಾತ್ರೆ ತಿಕ್ಕಿದ್ದನ್ನೇ ತಿಕ್ಕಿದೆ. ಇವರ ಗಾಯವನ್ನೂ ನಾನೇ ಕೂಡಗೊಡಲಿಲ್ಲವೇ? ಇದೊಂದೇ ತಲೆಯಲ್ಲಿ ತಿರುಗುತ್ತಿದೆ. ಯಾರನ್ನು ಕೇಳಲಿ?

೩ ಮಾರ್ಚ್, ಶುಕ್ರವಾರ

ಕೇಳಿ ಬಂದೆ. ಮನೆಯಲ್ಲಿ ಹೇಳದೆ ಬಸ್ಸು ಹತ್ತಿದೆ. ಮಿರಜದಲ್ಲಿ ಇಳಿದು ಸಿತಾರ ಮಾಡುವವರ ಓಣಿಯಿಂದ ನಡೆದೆ. ಅಂಗಡಿಯ ಮುಂದೆ ದೊಡ್ಡ ಕುಂಬಳದ ಬುರುಡೆಗಳನ್ನು ಒಣಗಲು ಇಟ್ಟಿದ್ದರು. ಒಂದನ್ನು ಎಡವಿ ಬೈಸಿಕೊಂಡೆ.

ದವಾಖಾನೆಯ ಡ್ರೆಸ್ಸಿಂಗ್ ಕೋಣೆಯ ಹೊರಗೆ ಜನವೋ ಜನ. ಎಲ್ಲ ನಮ್ಮ ಕಡೆಯವರು, ಜಮಖಂಡಿ, ಅಥಣಿ, ರಾಯಬಾಗ. ನನಗೆ ಒರೆಸಲು ಕಲಿಸಿದ ಸಿಸ್ಟರ್ ಅನುಸೂಯಾಬಾಯಿ ಇವತ್ತೂ ಅದೇ ಕುರ್ಚಿಯಲ್ಲಿದ್ದರು. ನನ್ನ ಗುರುತು ಹಿಡಿದರು. "ಮಾಲಗಾಂವ. ಬಲಗಾಲು. ಕುಂದ್ರಿ."

ನಾನು ಬಳ್ಳಿಯ ಕತೆ ಹೇಳಿದೆ. ಹೇಳಲು ಹೋದದ್ದು ಬೇರೆ, ಬಾಯಿಂದ ಬಂದದ್ದು ಬಳ್ಳಿ. ಹತ್ತಿ ಸುತ್ತುತ್ತಲೇ ಕೇಳಿದರು.

"ಅಯ್ಯ, ಹೊಸಾ ಚರ್ಮ ಬರೂ ಮುಂದ ತಿಕ್ಕತಾರೇನ್ರಿ? ಹಸೀ ಕೆಂಪ ಬಂತಂದ್ರ ನಾವೂ ಮುಟ್ಟೂದಿಲ್ಲ."

"ಅವರ ಕಾಲಿಗೂ ಕೆಂಪ ಬಂದಿತ್ತೇನು, ನಾ ತಿಕ್ಕಿ ತಗದ್ನೇನು?" ಅಷ್ಟು ಜೋರಾಗಿ ಕೇಳಿದೆನೋ ಏನೋ, ಸಾಲಿನಲ್ಲಿ ನಿಂತವರು ತಿರುಗಿ ನೋಡಿದರು.

ಅವರು ಹತ್ತಿ ಬದಿಗಿಟ್ಟರು. "ಕೇಳ್ರಿ ಇಲ್ಲೆ. ನಿಮ್ಮ ಮಾಲಕರ ಕಾಲಿಗೆ ಕೆಂಪ ಬರಲೇ ಇಲ್ಲ. ಹ್ಯಾಂಗ ಬರಬೇಕು? ಮೊಣಕಾಲಿನ ಕೆಳಗ ರಕ್ತದ ನಳಿಗೆ ಕಟಗೊಂಡಿದ್ವು. ಮ್ಯಾಲ ಎಲ್ಲಾ ಸುದ್ದ ಇತ್ತು, ಉಣತಿದ್ರು, ಮಾತಾಡತಿದ್ರು. ಕೆಳಗ ಇಳೀತಿರಲಿಲ್ಲ. ನೀವು ಒರಿಸಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ. ಡಾಕ್ಟರು ಎಲ್ಲಾ ನಿಮಗ ಹೇಳಿದ್ರು. ನೀವು ತಲಿ ಅಲ್ಲಾಡಸಿದ್ರಿ."

ಹೇಳಿದ್ದರಂತೆ. ನನಗೆ ಆ ಮಾತು ಕೇಳಿಸಿದ ನೆನಪೇ ಇಲ್ಲ.

"ಮತ್ತ ನಾ ಐದ ತಿಂಗಳ ಮಾಡಿದ್ದು?"

"ನೋವ ಕಡಿಮಿ ಆಗತಿತ್ತು ಅವರಿಗೆ. ನೀವು ಒರಸೂ ಮುಂದ ಕಣ್ಣ ಮುಚಗೊಂಡು ಮಲಗತಿದ್ರು, ನಾನ ನೋಡೇನಿ. ಮುಂದಿನವರು ಯಾರ್ರಿ, ಒಳಗ ಬರ್ರಿ."

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಊರ ತನಕ ಅತ್ತೆ. ಪಕ್ಕದಲ್ಲಿ ಕುಳಿತವಳು ಏನೂ ಕೇಳದೆ ತನ್ನ ಕೈಯ ಚಿಕ್ಕು ಹಣ್ಣು ಒಡೆದು ಅರ್ಧ ಕೊಟ್ಟಳು. ತಿಂದೆ. ಬೀಜ ಎಲ್ಲಿ ಉಗುಳಲಿ ಎಂದು ತಿಳಿಯದೆ ಮಾಲಗಾಂವದವರೆಗೂ ಬಾಯಲ್ಲೇ ಇಟ್ಟುಕೊಂಡಿದ್ದೆ.

೯ ಮಾರ್ಚ್, ಗುರುವಾರ

ಬಾವಿ ಕಡೆಯ ಬಳ್ಳಿಗಳಿಗೆ ಬುಡದಲ್ಲಿ, ರಿಂಗಿನ ಕೆಳಗೆ, ಚಿಗುರು ಒಡೆದಿವೆ. ತಂಗೆವ್ವ ಕುಕ್ಕರುಗಾಲಿನಲ್ಲಿ ಕುಳಿತು ಅವನ್ನು ಉಜ್ಜಿ ಕಿತ್ತು ಹಾಕುತ್ತ ಬರುತ್ತಿದ್ದಳು. ಬುಡದ ಚಿಗುರನ್ನು ಯಾರೂ ಇಡುವುದಿಲ್ಲ. ಮೇಲೆ ಹೋಗುವ ನೀರನ್ನು ಕದಿಯುತ್ತದೆ ಅನ್ನುತ್ತಾರೆ. ಇವರೂ ಕೀಳಿಸುತ್ತಿದ್ದರು.

ದಾರಿ ಬದಿಯ ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದಳು. ನನಗೆ ಏನಾಯಿತೋ, "ನಿಲ್ಲ!" ಎಂದು ಕೂಗಿದೆ. ಅವಳು ಹಾವೆಂದು ಹಾರಿ ಹಿಂದೆ ಬಿದ್ದಳು.

"ಏನ್ರಿ ಅಕ್ಕಾರ! ಜೀವಾ ಹೋಗಿತ್ತಲ್ರಿ!"

"ಅದನ್ನ ಕೀಳಬ್ಯಾಡ. ಇರಲಿ."

"ಇವು ಕಳ್ಳ ಚಿಗರ್ರಿ."

"ಕದ್ದರ ತಿನ್ನಲಿ. ಅಭಿಜಿತನ್ನ ಕರಿ."

ಅವನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಅವನು ಹೇಳಿದ ಮಾತನ್ನೇ ಅವನಿಗೆ ತಿರುಗಿ ಹೇಳಿದೆ. "ಊಟ ಎಲಿಯಿಂದ ಕೆಳಗ ಇಳೀತೈತಿ ಅಂದಿದ್ದಿ. ಮ್ಯಾಲಿನ ಎಲೀದು ರಿಂಗಿಗೆ ಬಂದು ನಿಂದರತೈತಿ. ಈ ಎಲಿ ರಿಂಗಿನ ಕೆಳಗ ಐತಿ. ಇದರ ಊಟಕ್ಕ ಯಾರ ಅಡ್ಡ ಅದಾರ? ಸೀದಾ ಬೇರಿಗೆ ಹೋಗೂದಿಲ್ಲೇನು?"

ಅವನು ಬಗ್ಗಿ ಬುಡ ನೋಡಿದ. ಚಿಗುರು ಬೆರಳುದ್ದ ಇತ್ತು, ಎಲೆ ಗುಂಡಗೆ ಕಾಸಿನಷ್ಟು.

"ಇಷ್ಟ ಸಣ್ಣ ಎಲಿ ಅಷ್ಟ ದೊಡ್ಡ ಬೇರಿಗೆ ಏನ ಉಣಸತೈತಿ?"

"ಉಪಾಸ ಬಿಡೂದು ಒಂದ ಗುಟಕ ನೀರಲೇನ ಮತ್ತ? ಮದ್ಲ ದಿನಾನ ಹೋಳಗಿ ತಿಂತಾರೇನು?"

ಅವನು ನಕ್ಕ. ಆಮೇಲೆ ಎದ್ದು ನಿಂತು, "ಬರೋಬರಿ ಐತಿ. ಚಿಗರ ಬೆಳೀಲಿ. ಎಲಿ ಹೆಚ್ಚಾಗಲಿ. ಏಪ್ರಿಲ್ ಕಡೀಕ ಕಾಂಡಾನ ರಿಂಗಿನ ಕೆಳಗ ಕೊಯ್ದು ಒಗಿಯೂನು. ಇದ ಚಿಗರ ಹೊಸಾ ಬಳ್ಳಿ ಆಗತೈತಿ," ಅಂದ. ಆಮೇಲೆ ದನಿ ಇಳಿಯಿತು. "ಆದ್ರ ಮ್ಯಾಲಿಂದೆಲ್ಲಾ ಹೋಗತೈತಿ, ಅವ್ವಾ. ಅಪ್ಪ ಏರಿಸಿದ್ದು. ಎರಡ ವರ್ಷ ಈ ಸಾಲ ಫಲ ಕೊಡೂದಿಲ್ಲ. ಬೇರ ಮದ್ಲ ಸತ್ತಿದ್ರ ಅದೂ ಇಲ್ಲ."

"ಸತ್ತದ್ದು ಹ್ಯಾಂಗ ಗೊತ್ತಾಗತೈತಿ?"

"ಕೊಯ್ದ ದಿನಾ. ಬೇರ ಜೀವಂತ ಇದ್ರ ಬುಡಾ ನೀರ ದಬ್ಬತೈತಿ. ಕೊಯ್ದಲ್ಲಿಂದ ತೊಟಕತೈತಿ. ಸತ್ತಿದ್ರ ಒಣಾ."

ಮೊದಲ ಸಾಲಿಗೆ ಹೋಗಿ ಹುಡುಕಿದೆ. ತಂಗೆವ್ವ ಕೆಲಸದಲ್ಲಿ ಕಳ್ಳಿಯಲ್ಲ. ಒಂದು ಚಿಗುರನ್ನೂ ಬಿಟ್ಟಿರಲಿಲ್ಲ. ಆ ಸಾಲಿನಲ್ಲಿ ಮತ್ತೆ ಒಡೆಯುತ್ತವೆಯೋ ಇಲ್ಲವೋ.

೨೧ ಮಾರ್ಚ್

ಎಲೆ ಎರಡು ರೂಪಾಯಿ ನಾಣ್ಯ ದಾಟಿ ಅಂಗೈಯಷ್ಟಾಗಿವೆ. ಮೇಕೆ ಬರದ ಹಾಗೆ ಬುಡಕ್ಕೆ ಮುಳ್ಳು ಒಟ್ಟಿಸಿದೆ. ಮುಳ್ಳು ತಂದವನು ಅರ್ಧ ಬಂಡಿ ತಂದು ಪೂರ್ತಿ ಅಂದ. ಉಳಿದರ್ಧ ತರಲು ಬಂಡಿ ತಿರುಗಿಸಿ ಕಳಿಸಿದೆ. ಸಂಜೆ ಮತ್ತೆ ಹಸಿವಾಯಿತು. ಹೊತ್ತು ಮುಳುಗುವ ಮುಂಚೆ ಅನ್ನ ಸಾರು ಉಂಡು ಮಲಗಿದೆ.

೬ ಏಪ್ರಿಲ್, ಗುರುವಾರ

ಆಚೆಯ ಎಂಟು ಸಾಲಿಗೆ ಛಾಟಣಿ ಆಯಿತು. ನಮ್ಮ ಆರು ಸಾಲು ಹಾಗೇ ಬಿಟ್ಟಿದ್ದೇವೆ. ನೋಡಿದವರು ನಗುತ್ತಾರೆ. ಅರ್ಧ ತಲೆ ಬೋಳಿಸಿಕೊಂಡು ಕ್ಷೌರದವನ ಮುಂದಿನಿಂದ ಎದ್ದು ಬಂದವನ ಹಾಗಿದೆ ತೋಟ.

ಪಾರಿಸ ಬಂದ. ಈ ಸಲ ಪ್ಲಾಟು ಮಾಡುವವನೊಬ್ಬನನ್ನು ಕರೆತಂದಿದ್ದ, ಬಿಳಿ ಬೂಟಿನವನು. ಅವನು ಚಪ್ಪರದ ಕಲ್ಲುಗಳನ್ನು ನೋಡುತ್ತ ಎಲ್ಲಿ ರಸ್ತೆ, ಎಲ್ಲಿ ಗಟಾರ ಎಂದು ಮರಾಠಿಯಲ್ಲಿ ಹೇಳುತ್ತ ಹೋದ. ನಾನು ಬುಡದ ಎಲೆಗಳ ಮೇಲೆ ಕಾಲಿಡಬೇಡಿರೆಂದು ಅವನಿಗೆ ಹೇಳಿದೆ. ಅವನು ಪಾರಿಸನ ಮುಖ ನೋಡಿದ.

"ವೈನಿ, ಎಂಟ ಸಾಲಿಗೆ ಬಾಗ ಅನ್ನೂದಿಲ್ಲ. ಆರು ಸಾಲ ಸತ್ತಾವ. ಮಾತ ಆಗಿತ್ತು."

"ಮಾತ ಆಗಿದ್ದು ಚಿಗತ್ರ ಅಂತ. ಸತ್ತಾವೋ ಇಲ್ಲೋ ನೀವು ನೋಡಿಲ್ಲ, ನಾನೂ ನೋಡಿಲ್ಲ. ಕೊಯ್ಯೂ ದಿನಾ ಬರ್ರಿ. ಒಣಾ ಇದ್ರ ಇವರ್ನ ನೀವು ಕರಕೊಂಡ ಬರೂದ ಬ್ಯಾಡ, ನಾನ ಕರದು ಚಹಾ ಕೊಡತೇನಿ."

ಬಿಳಿ ಬೂಟಿನವನಿಗೆ ಕನ್ನಡ ತಿಳಿಯಲಿಲ್ಲ. ಚಹಾ ಅನ್ನುವುದಷ್ಟೇ ತಿಳಿದು ಬೇಡ ಎಂದು ಕೈ ಆಡಿಸಿದ. ಪಾರಿಸ ಗಡ್ಡ ತುರಿಸಿಕೊಂಡ. ಕೊಯ್ಯುವ ದಿನ ಯಾವಾಗ ಎಂದು ಕೇಳಿದ.

೧೮ ಏಪ್ರಿಲ್

ಆಚೆಯ ಎಂಟು ಸಾಲು ಚಿಗುರಿವೆ. ಒಳ್ಳೆಯ ಚಿಗುರು.

ನಮ್ಮವು ಹೇಗೆ? ಎಲೆ ಬೇರೆ, ಬೇರು ಬೇರೆ. ಒಳಗಿನದು ಕಾಣುವುದಿಲ್ಲ. ಕುಳಿತಲ್ಲಿ ಕುಳಿತುಕೊಳ್ಳಲಾಗುವುದಿಲ್ಲ. ತೋಟಕ್ಕೆ ಮೂರು ಸಲ ಹೋದೆ. ಬುಡದ ಮಣ್ಣು ಕೆದಕಿ ಬೇರು ನೋಡೋಣ ಎಂದು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡೆ. ತಂಗೆವ್ವ ಮೊದಲ ಸಾಲಿನ ಬಗ್ಗೆ ದಿನಾ ಗೋಳಾಡುತ್ತಾಳೆ. ನೀನು ನಿನ್ನ ಕೆಲಸ ಮಾಡಿದಿ, ನಾನು ನನ್ನ ಕೆಲಸ ಮಾಡಿದೆ, ಇಬ್ಬರೂ ಛಲೋ ಮಾಡಿದೆವು ಅಂದೆ. ಅವಳು ನಗಬೇಕೋ ಅಳಬೇಕೋ ತಿಳಿಯದೆ ಕುಡುಗೋಲು ಮಸೆಯತೊಡಗಿದಳು.

೨೫ ಏಪ್ರಿಲ್, ಮಂಗಳವಾರ

ನಿನ್ನೆ ಮೊನ್ನೆ ಎರಡು ದಿನ ಬಳ್ಳಿಗಳಿಗೆ ನೀರು ಹಾಯಿಸಿದ್ದೆವು. ಇವತ್ತು ಬಿಸಿಲು ಏರುವ ಮುಂಚೆ ಗರಗಸ ಹಿಡಿದು ಹೋದೆವು. ಪಾರಿಸ ಹೇಳಿದ ಹಾಗೆ ಬಂದ, ಒಬ್ಬನೇ. ಪಂಚೆ ಮೇಲೆ ಕಟ್ಟಿಕೊಂಡ.

ಮೊದಲ ಸಾಲಿನಿಂದ ಶುರು ಮಾಡಿದೆವು. ಅಭಿಜಿತ ಕಾಂಡವನ್ನು ರಿಂಗಿನ ಕೆಳಗೆ ಕೊಯ್ದ. ಚಪ್ಪರದ ಮೇಲಿನ ಹರವು ಒಮ್ಮೆ ಅಲುಗಿತು, ಹಾಗೇ ತೂಗಿಕೊಂಡು ನಿಂತಿತು. ಬುಡವನ್ನು ನೋಡುತ್ತ ಕುಳಿತೆವು. ಒಣ. ಎರಡನೆಯದು ಒಣ. ಒಳಗೆ ಕಂದು ಬಣ್ಣ ಕಟ್ಟಿತ್ತು. ಸಾಲಿನ ಕೊನೆಯ ತನಕ ಎಲ್ಲಾ ಒಣ. ತಂಗೆವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಅಭಿಜಿತನ ಕಿವಿಗಳು ಕೆಂಪಾಗಿದ್ದವು. ಇವರಿಗೂ ಸಿಟ್ಟು ಬಂದರೆ, ದುಃಖವಾದರೆ ಹೀಗೇ.

"ಇನ್ನ ಸಾಕ ಮಾಡೂನೇನು?" ಅಂದ ಪಾರಿಸ. ಚುಚ್ಚಲು ಅಂದದ್ದಲ್ಲ.

"ಐದ ಸಾಲ ಅದಾವ," ಅಂದೆ. ಗರಗಸ ನಾನೇ ತೆಗೆದುಕೊಂಡೆ.

ಎರಡನೆಯ ಸಾಲಿನ ಮೊದಲ ಬಳ್ಳಿಗೂ ಬುಡದ ಚಿಗುರು ಇರಲಿಲ್ಲ, ತಂಗೆವ್ವನ ಕೈ ಅಲ್ಲಿಯ ತನಕ ಹೋಗಿತ್ತು. ಅದನ್ನು ಬಿಟ್ಟು ಮುಂದಿನದಕ್ಕೆ ಹೋದೆ. ಇದರ ಚಿಗುರು ಮೊಣಕೈಯುದ್ದ ಇತ್ತು. ಅದಕ್ಕೆ ತಾಗದ ಹಾಗೆ ಒಂದು ಕೈ ಅಡ್ಡ ಇಟ್ಟು ಕೊಯ್ದೆ. ಕಟ್ಟಿಗೆ ಗಟ್ಟಿ, ಗರಗಸದ ಹಲ್ಲು ಕಚ್ಚಿಕೊಂಡಿತು. ಒಂಬತ್ತು ವರ್ಷದ ಕಾಂಡ. ಇವರ ಹೆಬ್ಬೆರಳಿನಷ್ಟು ದಪ್ಪ ಇದ್ದಾಗಿನಿಂದ ನನಗೆ ಗೊತ್ತು. ತುಂಡಾಯಿತು.

ಕೊಯ್ದ ಮುಖ ಬಿಳಿಯಾಗಿತ್ತು. ಕಾದೆ. ಏನೂ ಇಲ್ಲ. ಪಾರಿಸ ನನ್ನ ಹಿಂದೆ ಬಗ್ಗಿ ನಿಂತಿದ್ದು ಉಸಿರಿನಿಂದ ಗೊತ್ತಾಗುತ್ತಿತ್ತು. ಆಮೇಲೆ ಬಿಳಿಯ ಮೇಲೆ ಸೂಜಿಮೊನೆಯಷ್ಟು ಹೊಳಪು ಬಂತು. ಇನ್ನೊಂದು ಬಂತು. ಎಲ್ಲ ಕೂಡಿಕೊಂಡು ಒಂದು ಹನಿಯಾಯಿತು. ಅಂಚಿನ ತನಕ ಸರಿದು, ತೊಗಟೆಯ ಮೇಲಿಂದ ಜಾರಿ, ಮಣ್ಣಿಗೆ ಬಿತ್ತು. ಅದರ ಹಿಂದೆ ಇನ್ನೊಂದು.

"ದಬ್ಬಾಕತ್ತೈತಿ!" ಎಂದು ಅಭಿಜಿತ ಚೀರಿದ. "ಅವ್ವಾ, ದಬ್ಬಾಕತ್ತೈತಿ!"

ಪಾರಿಸ ಬೆರಳು ಚಾಚಿ ಹನಿ ಮುಟ್ಟಿದ, ನಾಲಿಗೆಗೆ ಹಚ್ಚಿಕೊಂಡ. "ಸಪ್ಪಗೈತಲ್ರಿ," ಅಂದ, ದ್ರಾಕ್ಷಿಯ ಬೇರಿನಿಂದ ಸಿಹಿ ಬರಬೇಕಾಗಿತ್ತೆಂಬ ಹಾಗೆ. ತಂಗೆವ್ವ ಬಿದ್ದು ಬಿದ್ದು ನಕ್ಕಳು. "ಸಾಹುಕಾರ್ರ, ಸಕ್ರಿ ನಾಳೆ ಹಾಕತಾರ್ರಿ!"

ಉಳಿದ ಸಾಲುಗಳನ್ನು ಒಬ್ಬರಾದ ಮೇಲೆ ಒಬ್ಬರು ಕೊಯ್ದೆವು. ಎಲ್ಲವೂ ಒದ್ದೆಯಲ್ಲ. ಅಲ್ಲಲ್ಲಿ ಒಣಗಿದವು ಸಿಕ್ಕವು. ಆದರೆ ಐದೂ ಸಾಲಿನಲ್ಲಿ ತೊಟಕುವ ಬುಡಗಳೇ ಹೆಚ್ಚು. ಕೆಲವು ಒಂದೇ ಹನಿ, ಕೆಲವು ನಿಲ್ಲದೆ. ಮೇಲಿನ ಹರವನ್ನು ಚಪ್ಪರದಿಂದ ಬಿಡಿಸಿ ಹೊರಗೆ ಎಳೆದು ಹಾಕಿದಾಗ ತೋಟದ ಅರ್ಧಕ್ಕೆ ಬಿಸಿಲು ಬಿತ್ತು. ಇಷ್ಟು ವರ್ಷದಲ್ಲಿ ಅಲ್ಲಿ ಬಿಸಿಲು ಬಿದ್ದದ್ದು ನಾನು ನೋಡಿರಲಿಲ್ಲ.

ಪಾರಿಸ ಮೊದಲ ಸಾಲಿನ ಹತ್ತಿರ ಹೋಗಿ ನಿಂತ. "ಐದ ಸಾಲ ಉಳದ್ವು ಅನ್ನೂನು. ಇದೊಂದ ಸಾಲ ಪೂರಾ ಹೋತು, ವೈನಿ."

"ಹೋತು," ಅಂದೆ. ಸಾಲನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದೆ. ದಾರಿ ಬದಿಗೇ ಇದೆ. "ಬುಡಾ ಕಿತ್ತ ಬಿಡೂನು. ಇಲ್ಲಿ ಮತ್ತ ಹಚ್ಚೂದು ಬ್ಯಾಡ. ಪೆಟಗಿ ತುಂಬೂ ಟೆಂಪೊ ಒಳಗ ತಿರಗಾಕ ಜಾಗಾ ಇಲ್ಲ, ಹೆಣಮಕ್ಕಳು ಬಿಸಲಾಗ ರಸ್ತಾದ ತನಕ ಹೊರತಾರ. ಇಲ್ಲೆ ದಾರಿ ಮಾಡೂನು."

"ದಾರಿ?"

"ಟೆಂಪೊಕ್ಕ ಎಷ್ಟ ಅಗಲ ಬೇಕಾಗತೈತಿ? ನಿಮಗ ಗೊತ್ತಿರಬೇಕಲ್ಲ, ಭಾವಜಿ. ದಿನಾ ಅಂಗಡಿ ಮುಂದ ನಿಂದರತಾವ."

ಪಾರಿಸ ಕಾರಿಗೆ ಹೋಗಿ, ಪ್ಲಾಟಿನವನು ಬಿಟ್ಟುಹೋದ ಅಳತೆಯ ಟೇಪು ತಂದ. ನನ್ನ ಕೈಗೆ ಕೊಟ್ಟ. ನಾನು ಅದರ ಒಂದು ತುದಿಯನ್ನು ಬೇಲಿಯ ಕಲ್ಲಿಗೆ ಒತ್ತಿ ಹಿಡಿದುಕೊಂಡು, ಇನ್ನೊಂದನ್ನು ಅವನಿಗೆ ಚಾಚಿದೆ.

"ಎಳದ ಹಿಡೀರಿ. ಚಿಗರ ತುಳೀಬ್ಯಾಡ್ರಿ."

ಅವನು ಎಳೆದು ಹಿಡಿದ.